ಎಲೆ ಬಿಟ್ಟು ಎದ್ದ ಅಳಿಯ

ವಿಭಾಳ ತವರಿನಲ್ಲಿ ನಚಿಕೇತನಿಗೆ ಹೊಟ್ಟೆ ಸರಿಯಿಲ್ಲದ ಅಳಿಯ ಎಂದೇ ಹೆಸರು. ಯಾವ ಸಮಾರಂಭಕ್ಕೆ ಹೋದರೂ ಊಟದ ನಡುವೆ ಎದ್ದುಬಿಡುತ್ತಾನೆ, ಹೆಂಡತಿಯನ್ನೂ ಎಬ್ಬಿಸಿಕೊಂಡು ಮನೆಗೆ ಹೊರಟುಬಿಡುತ್ತಾನೆ. ಪಾಪ, ಅವನ ಹೊಟ್ಟೆ ಕಲ್ಲು ತಿಂದರೂ ಕರಗಿಸುತ್ತಿತ್ತು. ಎದೆ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಈಗಲೇ ಪ್ರಾಣ ಹೋಯಿತು ಅನ್ನಿಸುತ್ತಿದ್ದದ್ದು ವಿಭಾಳಿಗೆ.

ಮೊದಲ ಸಲ ಹಾಗಾದಾಗ ಹಾರ್ಟ್ ಅಟ್ಯಾಕೇ ಅಂದುಕೊಂಡು ಆಸ್ಪತ್ರೆಗೆ ಓಡಿದ್ದರು. ಹೃದಯ ಚೆನ್ನಾಗಿದೆ, ಇದು ಪ್ಯಾನಿಕ್ ಅಟ್ಯಾಕ್ ಎಂದರು ಡಾಕ್ಟರು. ಚಿಕಿತ್ಸೆ ನಡೆಯುತ್ತಿತ್ತು. ಆದರೆ ವಿಷಯ ತವರಿಗೆ ಗೊತ್ತಾಗುವುದು ವಿಭಾಳಿಗೆ ಬೇಡ. "ತಲೆ ಕೆಟ್ಟಿದೆ ಅಂತಾರೆ ಕಣೋ" ಎಂದು ಅತ್ತಿದ್ದಳು. ಹೆಂಡತಿಯ ಮಾನಕ್ಕಿಂತ ತನ್ನ ಹೊಟ್ಟೆಯ ಮಾನ ದೊಡ್ಡದೇನಲ್ಲ ಎಂದು ನಚಿಕೇತ ಅಪವಾದವನ್ನು ಮೈಮೇಲೆ ಎಳೆದುಕೊಂಡ.

ಈ ಭಾನುವಾರ ವಿಭಾಳ ತಂಗಿ ಹಂಸಾಳ ಮಗುವಿಗೆ ಜಯನಗರದ ಛತ್ರದಲ್ಲಿ ನಾಮಕರಣ. "ಇವತ್ತು ಏನೇ ಆಗ್ಲಿ, ಊಟ ಮುಗಿಸ್ಕೊಂಡೇ ಬರೋಣ. ಪ್ರತಿ ಸಲ ಅರ್ಧಕ್ಕೇ ಹೋಗ್ತೀಯ ಅಂತ ಹಂಸಾಗೆ ಬೇಜಾರು" ಎಂದು ಹೊರಡುವಾಗಲೇ ವಿಭಾ ಹೇಳಿದ್ದಳು. ನಚಿಕೇತ ಬಾಗಿಲ ಹತ್ತಿರದ ಕುರ್ಚಿ ಹಿಡಿಯಲು ನೋಡಿದ. ವಿಭಾಳ ಸೋದರತ್ತೆ ಚೂಡಾಮಣಿ ಬಿಡಬೇಕಲ್ಲ. ಆ ಮನೆಯ ಪಂಕ್ತಿಗೆ ಆಕೆಯೇ ಪೊಲೀಸು. ಹಿರಿಯರು ಏಳುವ ಮುಂಚೆ ಯಾರೂ ಎಲೆ ಬಿಟ್ಟು ಏಳಕೂಡದು. ಗಂಡಹೆಂಡಿರನ್ನು ಕರೆತಂದು ಸಾಲಿನ ನಟ್ಟನಡುವೆ ಕೂರಿಸಿದರು.

ಸಾರು ಬರುವ ಹೊತ್ತಿಗೆ ವಿಭಾಳ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಹಣೆಯಲ್ಲಿ ಬೆವರು. ನಚಿಕೇತ ಹೊಟ್ಟೆ ಹಿಡಿದುಕೊಂಡು ಎದ್ದ.

"ವಿಭಾ, ಸ್ವಲ್ಪ ಬಾ."

ಸಾಲಿಗೆ ಸಾಲೇ ತಿರುಗಿ ನೋಡಿತು. "ಬಡಿಸಿದ ಎಲೆ ಬಿಟ್ಟು ಏಳೋದು ಯಾವೂರ ಪದ್ಧತಿ?" ಎಂದು ಚೂಡಾಮಣಿ ಗೊಣಗಿದ್ದು ಇಬ್ಬರಿಗೂ ಕೇಳಿಸಿತು.

ಛತ್ರದ ಹಿಂದಿನ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತ. ಏನೂ ಆಗಲ್ಲ, ಧೈರ್ಯ ತಂದುಕೋ ಎಂದೆಲ್ಲ ಮೊದಮೊದಲು ಉಪದೇಶ ಮಾಡಿ ಬೈಸಿಕೊಂಡಿದ್ದ. ಈಗ ಬುದ್ಧಿ ಬಂದಿತ್ತು. "ಬಂದಿದೆ, ಹೋಗುತ್ತೆ. ನಾನಿಲ್ಲೇ ಇದೀನಿ" ಎಂದಷ್ಟೇ ಹೇಳಿ ಕೈ ಹಿಡಿದುಕೊಂಡ. ನಿಧಾನವಾಗಿ ಅವಳ ಉಸಿರು ದಾರಿಗೆ ಬಂತು.

"ಆಟೋ ಕರೀಲಾ?"

"ಬೇಡ. ನಂಗೆ ಹಸಿವಾಗ್ತಿದೆ" ಎಂದಳು. ನಚಿಕೇತನಿಗೆ ಅಷ್ಟು ಸಂತೋಷ ಈ ವರ್ಷದಲ್ಲೇ ಆಗಿರಲಿಲ್ಲ.

ಬಿಟ್ಟ ಎಲೆಗೆ ಮತ್ತೆ ಕೂರುವಂತಿಲ್ಲ. ಕೊನೆಯ ಪಂಕ್ತಿಯಲ್ಲಿ, ಅಷ್ಟೊತ್ತೂ ಬಡಿಸಿ ಸುಸ್ತಾದವರ ಜೊತೆ ಕೂತರು. ಗಲಾಟೆಯಿಲ್ಲ, ಫ್ಯಾನಿನ ಗಾಳಿಯೆಲ್ಲ ಇವರದೇ. ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಚೂಡಾಮಣಿ ಬಂದು ಎದುರು ನಿಂತರು.

"ಏನ್ರೀ ಅಳಿಯಂದ್ರೆ, ಆ ಹೊಟ್ಟೆನ ಯಾರಾದ್ರೂ ಒಳ್ಳೆ ಡಾಕ್ಟರಿಗೆ ತೋರಿಸಬಾರ್ದಾ? ನಿಮ್ಮಿಂದ ನಮ್ಮ ಹುಡುಗಿಗೆ ಒಂದು ಊಟನೂ ನೆಮ್ಮದಿಯಾಗಿ ಆಗಲ್ಲ."

ನಚಿಕೇತ ಎಂದಿನಂತೆ ತಲೆ ತಗ್ಗಿಸಿದ. ವಿಭಾ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

"ಇವ್ರನ್ನ ಬೈಬೇಡಿ ಅತ್ತೆ. ಇವ್ರ ಹೊಟ್ಟೆಗೆ ಏನೂ ಆಗಿಲ್ಲ. ಆಗೋದು ನನಗೆ. ಜನರ ಮಧ್ಯೆ ಕೂತ್ರೆ ಒಂದೊಂದ್ಸಲ ಸತ್ತೇ ಹೋಗ್ತೀನಿ ಅನ್ನೋಷ್ಟು ಭಯ ಬರುತ್ತೆ. ಟ್ರೀಟ್‌ಮೆಂಟ್ ತಗೋತಿದೀನಿ. ನಿಮಗೆಲ್ಲ ಗೊತ್ತಾಗೋದು ನಂಗೆ ಬೇಡ ಇತ್ತು, ಅದಕ್ಕೇ ಇವ್ರು ಬೈಸ್ಕೊಂಡು ಸುಮ್ನಿದ್ರು."

ಚೂಡಾಮಣಿ ಕುರ್ಚಿ ಎಳೆದುಕೊಂಡು ವಿಭಾಳ ಪಕ್ಕ ಕೂತರು.

"ಮುಂದಿನ ಸಲ ನನ್ನ ಪಕ್ಕ ಕೂತ್ಕೋ. ಹಂಗೇನಾದ್ರೂ ಆದ್ರೆ ನನ್ನ ಕೈ ಮುಟ್ಟು, ನಾನೇ ಮೊದ್ಲು ಏಳ್ತೀನಿ" ಎಂದರು. "ನಾನೆದ್ದ ಮೇಲೆ ನಿನ್ನನ್ನ ಕೇಳೋರು ಯಾರು?"