ಬೇಡಮ್ಮನ ನಾರುಬೇರಿನ ಅಂಗಡಿ

ಮೂಟೆಗಳನ್ನೆಲ್ಲ ಗೋಡೆಗೆ ಒತ್ತರಿಸಿದರೂ ಬೇಡಮ್ಮನ ಶವ ಹೊರಗೆ ತರಲು ದಾರಿ ಸಾಲಲಿಲ್ಲ. ಮನೆಯ ಮುಂಗೋಣೆಯೇ ನಾರುಬೇರಿನ ಅಂಗಡಿ. ಬೀದಿಗೆ ಬೇರೆ ಬಾಗಿಲಿರಲಿಲ್ಲ.

"ಆ ಕಪಾಟೂ ಸರಿಸಿ," ಎಂದಳು ಮಗಳು. ನಾಲ್ವರು ಅದನ್ನೆತ್ತಿದಾಗ ಶುಂಠಿ, ಸೋನಾಮುಖಿ, ಒಣಬೇವಿನ ವಾಸನೆ ಒಟ್ಟಿಗೇ ಎದ್ದಿತು.

"ಬೇಡಮ್ಮ ಇದ್ದಿದ್ರೆ ಇದಕ್ಕೂ ಬೇಡ ಅಂತಿದ್ರು," ಎಂದು ಪಕ್ಕದ ಮನೆಯ ದರ್ಜಿ ಕಣ್ಣೊರೆಸಿಕೊಂಡ.

ಊರಿಗೆಲ್ಲ ಅವಳು ಬೇಡಮ್ಮ. ಮಲಬದ್ಧತೆಗೆಂದು ಸೋನಾಮುಖಿ ಕೇಳಿದವರಿಗೆ, "ವಾರಗಟ್ಟಲೆ ಬೇಡ, ಕರುಳು ಸೋಮಾರಿಯಾಗತ್ತೆ." ಬಸುರಿ ಲೋಳೆಸರದ ರಸ ಕೇಳಿದರೆ, "ಹೊಟ್ಟೆಗೆ ಬೇಡ." ಗಿಡದ್ದು ತಾನೇ, ಏನಾಗತ್ತೆ ಎಂದವರನ್ನು ಕೆಕ್ಕರಿಸಿ ನೋಡುವಳು. "ವಿಷಾನೂ ಗಿಡದಲ್ಲೇ ಬೆಳೆಯೋದು."

"ಕೊಡಲ್ಲ ಅನ್ನೋಕೆ ಅಂಗಡಿ ಯಾಕಮ್ಮ ತೆಗೀತೀಯ?" ಎಂದು ಮಗಳು ಎಷ್ಟೋ ಸಲ ರೇಗಿದ್ದಳು. ಕಾರಣ ಅವಳಿಗೆ ಗೊತ್ತಿತ್ತು. ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು.

*

ಆಗ ಮಗಳಿಗೆ ಹನ್ನೊಂದು ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದ ಅಪ್ಪನಿಗೆ ಬಿಡದ ಕೆಮ್ಮು. ಅಮ್ಮ ಮೂರು ದಿನ ಜೇಷ್ಠಮಧುವಿನ ಕಷಾಯ ಕೊಟ್ಟು ನಿಲ್ಲಿಸಿದಳು. "ಇನ್ನು ಬೇಡ, ಬಿ.ಪಿ. ಏರತ್ತೆ."

ಮಾರನೆಯ ಮಧ್ಯಾಹ್ನ ಅಪ್ಪ ಪಿಸುಗುಟ್ಟಿದ. "ಗಂಟಲಿಗೆ ಹಿತವಾಗಿತ್ತು ಕಣೆ. ಒಂದು ಲೋಟ ಮಾಡ್ಕೊಡು. ಅಮ್ಮಂಗೆ ಹೇಳ್ಬೇಡ."

ಸಿಹಿಯಾಗಲೆಂದು ಅವಳು ಮುಷ್ಟಿ ತುಂಬ ಹಾಕಿ ಕುದಿಸಿದಳು. ದಿನವೂ, ಒಂದು ತಿಂಗಳು. ಅಪ್ಪನ ಪಾದ ಊದಿತು. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಲೇ ಕುಸಿದವನು ಮೇಲೇಳಲಿಲ್ಲ.

"ಜೇಷ್ಠಮಧು ಏನಾದ್ರೂ ಕೊಟ್ಟಿದ್ರಾ?" ಎಂದು ಡಾಕ್ಟರು ಕೇಳಿದರು.

"ಕೊಟ್ಟಿದ್ದೆ," ಎಂದಳು ಅಮ್ಮ.

ಬಾಗಿಲ ಹಿಂದೆ ನಿಂತಿದ್ದವಳು ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಬಿಡಲಿಲ್ಲ.

*

ಅಮ್ಮನನ್ನು ಮಣ್ಣು ಮಾಡಿ ಹಿಂದಿರುಗುವಾಗ ಮೆಡಿಕಲ್ ಶಾಪಿನ ಮುದುಕರೊಬ್ಬರು ಅವಳ ಜೊತೆ ಹೆಜ್ಜೆ ಹಾಕಿದರು.

"ಈ ಮಾತ್ರೆ ಜೊತೆ ಆ ಬೇರು ಆಗತ್ತಾ ಅಂತ ವಾರವಾರ ಬಂದು ಕೇಳೋರು, ನಿಮ್ಮಮ್ಮ."

ಅವಳಿಗೆ ತಡೆಯಲಾಗಲಿಲ್ಲ. "ಅಪ್ಪ ಹೋಗಿದ್ದು ತನ್ನ ಕಷಾಯದಿಂದ ಅಂದ್ಕೊಂಡೇ ಅಮ್ಮ ಹೋದ್ಲು, ಸರ್. ತಿಂಗಳಿಡೀ ಕೊಟ್ಟಿದ್ದು ನಾನು. ಕದ್ದು."

ಮುದುಕರು ನಿಂತರು. "ಅವರಿಗೆ ಗೊತ್ತಿತ್ತಮ್ಮ."

"ಏನು?"

"ಡಬ್ಬಿ ಖಾಲಿಯಾದ್ರೆ ಅಂಗಡಿಯವರಿಗೆ ತಿಳಿಯಲ್ವಾ? 'ಬೇಡ ಅಂತ ಯಜಮಾನ್ರಿಗಷ್ಟೇ ಹೇಳ್ದೆ, ಮಗುವಿಗೆ ಹೇಳ್ಕೊಡ್ಲಿಲ್ಲ, ತಪ್ಪು ನಂದೇ' ಅಂತಿದ್ರು. 'ಕೇಳಿದ್ರೆ ಹೆದರ್ಕೋತಾಳೆ, ಅವಳಾಗೇ ಹೇಳ್ಲಿ' ಅಂತ ಕಾಯ್ತಿದ್ರು."

ಅವಳು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಳು. ಮುದುಕರು ಬಿಸಿಲಿಗೆ ಅಡ್ಡವಾಗಿ ನಿಂತುಕೊಂಡರು.

ಮನೆ ತಲುಪಿದಾಗ ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದಳು.

"ಬೇಡಮ್ಮ ಇದಾರಾ? ನಿದ್ದೆಗೆ ಏನಾದ್ರೂ ಕೊಡಿ ಅಂದಿದ್ದಕ್ಕೆ, ಮೊದ್ಲು ಮನೇಲಿರೋ ಮಾತ್ರೆ ಎಲ್ಲಾ ತಗೊಂಡು ಬಾ ಅಂದಿದ್ರು."

ಮಗಳು ಅವಳನ್ನು ಒಳಗೆ ಕರೆದು ಸ್ಟೂಲು ಹಾಕಿದಳು. ಚೀಲವನ್ನು ಮೇಜಿನ ಮೇಲೆ ಸುರಿದು, ಮಾತ್ರೆಯ ಪಟ್ಟಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣು ಮಂಜಾಗಿ ಹೆಸರು ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು ಮತ್ತೆ ಹಿಡಿದಳು.