ಕುಂಟುಗಾಲಿನ ಕೆರ

ಗಿಣ್ಣಿನ ಹತ್ತಿರ ಬಂದಕೂಡಲೇ ನಾರು ಮತ್ತೆ ತುಂಡಾಯಿತು. ಯೂವಾ ಆ ತುಂಡನ್ನು ಬೆರಳಿಗೆ ಸುತ್ತಿ ನೋಡಿದಳು; ಎರಡು ಸುತ್ತಿಗೂ ಸಾಲಲಿಲ್ಲ. ಅಂಥವು ಹನ್ನೆರಡೋ ಹದಿನಾಲ್ಕೋ ಆಗಲೇ ಅವಳ ಕಾಲ ಬಳಿ ಬಿದ್ದಿದ್ದವು. ಬುಡದಿಂದ ತುದಿಯವರೆಗೆ ಒಂದೇ ಎಳೆಯಾಗಿ ಸುಲಿದು ಬರಬೇಕಾದ ಗಾಂಜಾ ಗಿಡ ಗೇಣಿಗೊಂದು ಗಿಣ್ಣು, ಗಿಣ್ಣಿಗೆರಡು ಕವಲು ಒಡೆದು ನಿಂತಿತ್ತು. ಸೊಪ್ಪಿನ ಅಂಟು ಕೈಗೆ ಹತ್ತಿ, ಮಣ್ಣಲ್ಲಿ ಉಜ್ಜಿದರೂ ಬಿಡಲಿಲ್ಲ.

ಬಿತ್ತಿ ಎಪ್ಪತ್ತು ದಿನವಾಗಿತ್ತು. ಒಳಗೆ ಅತ್ತೆ ಬ್ಲಿಯಾ ಗಂಜಿ ತಿಳಿಯನ್ನೂ ಬಿಟ್ಟು ನಾಲ್ಕು ದಿನವಾಗಿತ್ತು. ಸತ್ತವರು ನಾರಿನ ಬಟ್ಟೆ ಉಟ್ಟು ಹೋಗದಿದ್ದರೆ ಅಲ್ಲಿರುವ ಹಿರಿಯರು ಗುರುತು ಹಿಡಿಯುವುದಿಲ್ಲ. ಬಟ್ಟೆಯಾದರೂ ಹೋಗಲಿ, ನಾರಿನ ಕೆರವಾದರೂ ಕಾಲಲ್ಲಿಲ್ಲದಿದ್ದರೆ ದಾರಿಯಲ್ಲಿ ಕಂಬಳಿಹುಳದ ಬೆಟ್ಟ ದಾಟುವುದು ಹೇಗೆ? ಲಂಗ ನೇಯಲು ಈಗ ಹೊತ್ತಿಲ್ಲವೆಂದು ಯೂವಾಗೆ ಗೊತ್ತಿತ್ತು. ಅವಳ ಆಸೆ ಸವೆದು ಸವೆದು ಒಂದು ಜೊತೆ ಕೆರಕ್ಕೆ ಬಂದು ನಿಂತಿತ್ತು.

ಅತ್ತೆಯ ಪೆಟ್ಟಿಗೆಯಲ್ಲಿ ಸಾವಿಗೆಂದೇ ತೆಗೆದಿಟ್ಟ ಲಂಗ ಒಂದಿತ್ತು. ನಾಲ್ಕು ವರ್ಷದ ಹಿಂದೆ ಮೊಮ್ಮಗಳ ಕಿವಿಯ ಆಪರೇಷನ್ನಿಗೆ ದುಡ್ಡು ಹೊಂದಿಸಲಾಗದೆ ಹೋದಾಗ ಬ್ಲಿಯಾ ತಾನೇ ಅದನ್ನು ತೆಗೆದು ಪಟ್ಟಣದಿಂದ ಬಂದಿದ್ದ ಹಳೇಬಟ್ಟೆಯ ವ್ಯಾಪಾರಿಯ ಮುಂದೆ ಹರಡಿ ಮಾರಿದ್ದಳು. ನಾನೇನು ನಾಳೆಯೇ ಸಾಯ್ತೀನಾ, ಬರುವ ವರ್ಷ ನೇಯ್ದರಾಯಿತು ಅಂದಿದ್ದಳು. ಆ ಬರುವ ವರ್ಷ ಎಲೆಕೋಸಿಗೆ ರೇಟು ಚೆನ್ನಾಗಿತ್ತು, ಹೊಲವೆಲ್ಲ ಅದಕ್ಕೇ ಹೋಯಿತು. ಮುಂದಿನ ವರ್ಷ ಯೂವಾಳ ಗಂಡ ನೆಂಗ್ ಲಾರಿ ಓಡಿಸಲು ಕೆಳಗಿನ ಪಟ್ಟಣಕ್ಕೆ ಇಳಿದ. ಹೊಲ, ಹಂದಿ, ಮಕ್ಕಳು ಎಲ್ಲ ಅವಳ ತಲೆಗೇ ಬಂತು. ಈ ವರ್ಷ ಅತ್ತೆ ಹಾಸಿಗೆ ಹಿಡಿದ ಮೇಲೆ ಸೋರೆಬುರುಡೆಯೊಳಗಿನ ಬೀಜ ತೆಗೆದು ನೋಡಿದರೆ ಮುಕ್ಕಾಲು ಪಾಲು ಹುಳು ತಿಂದು ಒಂದು ಬೊಗಸೆ ಉಳಿದಿತ್ತು.

ನೆಂಗ್ ಪಟ್ಟಣದಿಂದ ಒಂದು ಡಬ್ಬಿ ಬೀಜ ತಂದುಕೊಟ್ಟ. ಕಾನೂನು ಸಡಿಲವಾದ ಮೇಲೆ ಅಲ್ಲಿ ಬೀದಿಗೊಂದು ಗಾಂಜಾ ಅಂಗಡಿ. ನಿದ್ದೆಗೆ ಒಂದು ಜಾತಿ, ನೋವಿಗೆ ಒಂದು, ನಗುವುದಕ್ಕೇ ಒಂದು ಎಂದು ಶೀಶೆಗಳ ಮೇಲೆ ಚೀಟಿ ಹಚ್ಚಿ ಇಟ್ಟಿರುತ್ತಾರಂತೆ. ನೂಲಿನದು ಯಾವುದು ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗಿ ನಕ್ಕಳಂತೆ. ಯೂವಾ ಹೆದರಲಿಲ್ಲ. ಗಾಂಜಾ ನೂಲಾಗುವುದು ಬಿತ್ತುವ ಕೈಯಲ್ಲಿ ಎಂದು ಅವಳು ಸಣ್ಣವಳಿದ್ದಾಗಿನಿಂದ ಕೇಳಿದ್ದಳು. ಒತ್ತಾಗಿ ಬಿತ್ತಿದರೆ ಗಿಡ ಕವಲು ಬಿಡದೆ ನೆಟ್ಟಗೆ ಏಳುತ್ತದೆ, ಬಿಡಿಬಿಡಿಯಾಗಿ ಬಿತ್ತಿದರೆ ಪೊದೆಯಾಗುತ್ತದೆ. ಹೊಲ ಬರಿದಾಗಿ ಕಾಣದಿರಲಿ ಎಂದು ಬುರುಡೆಯ ಬೀಜವನ್ನೂ ಡಬ್ಬಿಯ ಬೀಜವನ್ನೂ ಒಂದೇ ಮೊರದಲ್ಲಿ ಕಲೆಸಿ, ಕಾಲಿಡಲು ಜಾಗವಿಲ್ಲದಂತೆ ಎರಚಿದ್ದಳು.

ಈಗ ಅದು ಬೇರೆ ಇದು ಬೇರೆ ಎಂದು ಗೊತ್ತಾಗುತ್ತಿತ್ತು, ಯಾವುದು ಯಾವುದೆಂದು ಮಾತ್ರ ತಿಳಿಯುತ್ತಿರಲಿಲ್ಲ. ಎತ್ತರದವನ್ನು ಆರಿಸಿ ಕೊಯ್ದಳು, ಅವೂ ತುಂಡಾದವು. ಹೀಗೇ ಕೊಯ್ಯುತ್ತಾ ಹೋದರೆ ಇರುವ ನಾಲ್ಕು ಒಳ್ಳೆಯವೂ ಕೈತಪ್ಪಿ ಹಾಳಾಗುತ್ತವೆ ಎಂದು ಭಯ ಹತ್ತಿತು. ಕುಡುಗೋಲು ಬಿಸಾಕಿ ಒಳಗೆ ಹೋಗಿ ಅತ್ತೆಯ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದಳು, ಮೊರದ ವಿಷಯವನ್ನೂ ಬಿಡದೆ.

ಬ್ಲಿಯಾಳ ಪೊರೆ ಬಂದ ಕಣ್ಣು ಮಾಡಿನ ಕಡೆಗೇ ಇತ್ತು.

"ಎತ್ಕೋ ನನ್ನ," ಅಂದಳು.

ಮಕ್ಕಳನ್ನು ಹೊತ್ತ ಬಟ್ಟೆಯನ್ನೇ ತಂದು ಯೂವಾ ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡಳು. ಒಂದು ಬುಟ್ಟಿ ಎಲೆಕೋಸಿನಷ್ಟೂ ಭಾರವಿರಲಿಲ್ಲ. ದಾರಿಯುದ್ದಕ್ಕೂ ಅತ್ತೆಯ ಗದ್ದ ಅವಳ ಹೆಗಲಿಗೆ ಬಡಿಯುತ್ತಿತ್ತು.

ಗಿಡಗಳ ನಡುವೆ ಮುದುಕಿ ಕೈ ಚಾಚಿದಳು. ಮಣಿಕಟ್ಟಿನ ತುಂಬ ಬಿಳಿ ದಾರ. ಆತ್ಮ ಬಿಟ್ಟುಹೋಗದಿರಲೆಂದು ಮೂರು ವಾರದ ಹಿಂದೆ ನೆಂಟರಿಷ್ಟರೆಲ್ಲ ಬಂದು ಕಟ್ಟಿದ್ದು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಾಂಡ ಹಿಡಿದು ಕೆಳಗಿನಿಂದ ಮೇಲಕ್ಕೆ ಸವರಿದಳು.

"ಇದು ಸೊಪ್ಪಿಂದು. ನೋಡು, ಸಂತೆಗೆ ಹೊರಟವಳ ಥರ ಎರಡೂ ಕಡೆ ಕೈ ಬೀಸ್ಕೊಂಡು ನಿಂತಿದೆ."

ಇನ್ನೊಂದು ತಲೆಗಿಂತ ಎತ್ತರವಿತ್ತು. ಯೂವಾ ತಾನೇ ಅದರ ಹತ್ತಿರ ಸರಿದು ಇದು ನಮ್ಮದಲ್ಲವೇ ಎಂದು ಕೇಳಿದಳು.

"ಎತ್ತರ ನೋಡಿ ಮೋಸ ಹೋಗ್ಬೇಡ. ಜಾಗ ಇಲ್ದಿದ್ರೆ ಎಲ್ರೂ ಮೈ ಹಿಡಿದು ನೆಟ್ಟಗೆ ನಿಲ್ತಾರೆ. ಒಂದೆಲೆ ಹಿಸುಕು."

ಹಿಸುಕಿದಾಗ ಕೊಳೆತ ನಿಂಬೆಹಣ್ಣು, ಡೀಸೆಲ್ ಎರಡೂ ಸೇರಿದಂಥ ವಾಸನೆ.

"ನಿನ್ನ ಗಂಡನ ಲಾರಿ," ಅಂದಳು ಬ್ಲಿಯಾ. ಯೂವಾಗೆ ನಗು ಬರಲಿಲ್ಲ.

ನಾಲ್ಕನೆಯ ಸಾಲಿನಲ್ಲಿ ಮುದುಕಿಯ ಕೈ ನಿಂತಿತು. ಆ ಗಿಡ ಕಿರುಬೆರಳಿನಷ್ಟೇ ದಪ್ಪ. ಗಿಣ್ಣು ಎಲ್ಲಿದೆ ಹುಡುಕು ಎಂದಳು. ಯೂವಾ ಮೊಳದುದ್ದ ಸವರಿದಳು; ಸಣ್ಣಗೆ ಗೀರುಗಳು ಬೆರಳಿಗೆ ಸಿಕ್ಕವೇ ಹೊರತು ಗಿಣ್ಣು ಸಿಗಲಿಲ್ಲ. ಎಲೆಗೆ ಬರೀ ಹಸಿಹುಲ್ಲಿನ ವಾಸನೆಯಿತ್ತು.

ಬಿಸಿಲೇರುವವರೆಗೂ ಹುಡುಕಿದರು. ಅಷ್ಟು ಹೊಲದಲ್ಲಿ ತಮ್ಮದೆಂದು ಸಿಕ್ಕಿದ್ದು ಹದಿಮೂರು ಗಿಡ. ಹದಿಮೂರನ್ನೂ ಕೊಯ್ದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಒಂದು ಜೊತೆ ಕೆರಕ್ಕೆ ಹೇಗೋ ಆಗುತ್ತದೆ ಎಂದು ಯೂವಾ ಮನಸ್ಸಿನಲ್ಲೇ ಹೆಣೆಯತೊಡಗಿದ್ದಳು. ಆಗ ಬ್ಲಿಯಾ ತನ್ನ ಕೈ ಅವಳ ಮುಖದ ಮುಂದೆ ಹಿಡಿದು, ಐದು ದಾರ ಕತ್ತರಿಸು ಅಂದಳು.

ಅದನ್ನು ಕತ್ತರಿಸಬಾರದು. ಯೂವಾ ಆಗುವುದಿಲ್ಲ ಎಂದಳು, ಬೇಡಿಕೊಂಡಳು. ಮುದುಕಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಕುಡುಗೋಲಿನ ತುದಿಯಿಂದ ಒಂದೊಂದೇ ಕತ್ತರಿಸಿದಾಗ, ಬ್ಲಿಯಾ ಎಲೆಯ ಸಂದಿಯಲ್ಲಿ ಬೆರಳಾಡಿಸಿ ನವಣೆಕಾಳಿನಂಥ ಮೊಗ್ಗಿರುವ ಗಂಡು ಒಂದನ್ನೂ ಎಳೆಗೂದಲು ಇಣುಕಿದ ಹೆಣ್ಣು ನಾಲ್ಕನ್ನೂ ಆರಿಸಿ ದಾರ ಕಟ್ಟಿಸಿದಳು.

"ಇವನ್ನ ಮುಟ್ಬೇಡ. ಬೀಜಕ್ಕೆ. ಸೊಪ್ಪಿಂದೆಲ್ಲ ಇವತ್ತೇ ಕಿತ್ತುಹಾಕು. ಅವು ಹೂ ಬಿಟ್ರೆ ಗಾಳಿ ಸುಮ್ನಿರಲ್ಲ, ನಮ್ಮ ಜಾತಿ ಕೆಡ್ಸುತ್ತೆ."

"ಎಂಟರಲ್ಲಿ ಒಂದೇ ಕೆರ ಆಗೋದು, ಅತ್ತೆ."

"ಒಂದೇ ಸಾಕು. ಐವತ್ತು ವರ್ಷ ಕುಂಟಿದೀನಿ, ಅಲ್ಲೂ ಕುಂಟ್ತೀನಿ. ಅದನ್ನ ನೋಡಿಯಾದ್ರೂ ನಿಮ್ಮಾವ ಗುರುತು ಹಿಡೀಲಿ."

"ನಿಮಗೇ ಇಲ್ದಿದ್ಮೇಲೆ ಬೀಜ ಯಾರಿಗೆ?" ಯೂವಾ ಹಿಂದಕ್ಕೆ ಕತ್ತು ತಿರುಗಿಸಿದಳು.

ಮುದುಕಿ ಗದ್ದವನ್ನು ಮತ್ತೆ ಅವಳ ಹೆಗಲಿಗೆ ಆನಿಸಿದಳು. "ನಿಂಗೆ ಕಾಲಿಲ್ವೇನೇ?" ಅಂದಳು.

ಅತ್ತೆಯನ್ನು ಮಲಗಿಸಿ ಬಂದು ಯೂವಾ ಮಧ್ಯಾಹ್ನದವರೆಗೆ ಸೊಪ್ಪಿನ ಗಿಡಗಳನ್ನು ಕಿತ್ತು ಗುಡ್ಡೆ ಹಾಕಿದಳು. ಎಂಟನ್ನು ಕೊಯ್ದು ಒಂದನ್ನು ಸುಲಿದಳು. ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ನಾರು ಸರ್ರನೆ ಬಂತು. ಅದರ ಉದ್ದ ನೋಡಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಕುಡುಗೋಲು ಹಿಡಿದು ಬಿಳಿದಾರದ ಗಿಡಗಳ ಹತ್ತಿರ ಹೋದಳು. ಅತ್ತೆಗೆ ಕಣ್ಣು ಕಾಣುವುದಿಲ್ಲ. ಐದು ಏಟಿನ ಕೆಲಸ. ಬೀಜವಂತೆ, ಸಾಯುವವರು ಯಾರು, ಇರುವವರು ಯಾರು. ಬೆಟ್ಟದ ಅರ್ಧದಲ್ಲಿ ಬರಿಗಾಲು ಎತ್ತಿಕೊಂಡು ನಿಂತ ಮುದುಕಿ ಕಣ್ಣಿಗೆ ಕಟ್ಟಿದಂತಾಗಿ ಮೊದಲನೆಯ ಕಾಂಡಕ್ಕೆ ಕುಡುಗೋಲು ಹಚ್ಚಿದಳು.

ದಾರದಲ್ಲಿ ಹಳೆಯ ಗಂಟೊಂದು ಹಾಗೇ ಉಳಿದಿತ್ತು. ಎಡಗೈ ರೂಢಿಯವರು ಹಾಕುವ ಗಂಟು, ಅವಳದೇ. ಮೂರು ವಾರದ ಹಿಂದೆ ಆ ಮಣಿಕಟ್ಟು ಹಿಡಿದು, ಹೋಗಬೇಡಿ, ಇಲ್ಲೇ ಇರಿ, ಅಂದುಕೊಂಡು ಬಿಗಿದದ್ದು. ಕುಡುಗೋಲು ಕಾಂಡದ ಮೇಲೆ ಬಹಳ ಹೊತ್ತು ಇತ್ತು. ಸಿಪ್ಪೆಯ ಮೇಲೆ ತೆಳ್ಳಗೆ ಒಂದು ಗೀರು ಬಿತ್ತು, ಅಷ್ಟೇ.

ಅವಳು ಹಿಂದಿರುಗಿ ಗುಡ್ಡೆಯಿಂದ ಸೊಪ್ಪಿನ ಗಿಡಗಳನ್ನು ತಬ್ಬಿ ಎತ್ತಿಕೊಂಡು ಒಳಗೆ ನಡೆದಳು. ಹಾಸಿಗೆಯ ಪಕ್ಕದಲ್ಲೇ ಕೂತು, ಎರಡನೆಯ ಕೆರಕ್ಕೆಂದು ಗಿಣ್ಣಿನಿಂದ ಗಿಣ್ಣಿಗೆ ಗೇಣುದ್ದದ ನಾರು ಕಿತ್ತು, ತುದಿಗೆ ತುದಿ ಹೊಸೆದು ಗಂಟು ಹಾಕತೊಡಗಿದಳು. ಗೇಣಿಗೊಂದು ಗಂಟು. ಬೆರಳೆಲ್ಲ ಅಂಟು. ಮನೆಯ ತುಂಬ ನಿಂಬೆ, ಡೀಸೆಲ್.

ಬ್ಲಿಯಾ ಮೂಗರಳಿಸಿದಳು. ಕೈ ಚಾಚಿ ಹೊಸ ಹುರಿಯನ್ನು ಹುಡುಕಿ ಹಿಡಿದು ಗಂಟುಗಳನ್ನು ಒಂದೊಂದಾಗಿ ಮುಟ್ಟಿದಳು.

"ಚುಚ್ಚುತ್ತೆ ಇದು," ಅಂದಳು.

ಯೂವಾ ಇನ್ನೊಂದು ಗೇಣು ಹೊಸೆದಳು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿದಾಗ ಕಂಬಳಿಯ ಕೆಳಗಿನಿಂದ ಕುಂಟುಗಾಲು ಹೊರಗೆ ಬಂದಿತ್ತು, ಅಳತೆಗೆ ಚಾಚಿದಂತೆ, ಬೆರಳುಗಳನ್ನು ಅಗಲಿಸಿಕೊಂಡು.