ಒಬ್ಬರಿಗೆ ಒಂದೇ ಪತ್ರ

ಹಿಟ್ಟು ಕಾಯಿಸಿ ಮಾಡಿದ ಅಂಟಿನ ವಾಸನೆ ಎಂದರೆ ಅವಳಿಗೆ ಅಪ್ಪನ ಬೈಂಡಿಂಗ್ ಅಂಗಡಿ. ಪುಟ್ಟ ಹುಡುಗಿಯಾಗಿದ್ದಾಗ ಆ ಬೆಚ್ಚನೆಯ ಬಟ್ಟಲಿನ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದಳು. ಗ್ರಂಥಾಲಯದ ಕೆಲಸದಲ್ಲಿ ತಲೆ ಅರ್ಧ ಬೆಳ್ಳಗಾದ ಮೇಲೂ, ಲಕೋಟೆಗೆ ಅಂಟು ಸವರುವಾಗ ಮೂಗು ಆ ವಾಸನೆಯನ್ನೇ ಹುಡುಕುತ್ತಿತ್ತು.

ಗಡುವು ಮೀರಿದ ಪುಸ್ತಕಗಳಿಗೆ ನೆನಪಿನ ಪತ್ರ ಕಳಿಸುವುದು ಅವಳ ಪಾಲಿನ ಕೆಲಸ. ಪುಸ್ತಕಕ್ಕೊಂದು ಚೀಟಿ. ಒಬ್ಬರವೇ ಚೀಟಿಗಳನ್ನು ಆರಿಸಿ ಒಂದೇ ಲಕೋಟೆಗೆ ಹಾಕಿ, ಮೇಲೊಂದು ಸಾಲು ಕೈಯಾರೆ ಬರೆಯುತ್ತಿದ್ದಳು: ‘ಗಾಬರಿ ಬೇಡ, ಬಿಡುವಾದಾಗ ಬನ್ನಿ.’

ಈಗ ಆ ಕೆಲಸಕ್ಕೆ ಅವಳ ವಾರಗಿತ್ತಿಯೇ ಬಂದು ಕೂತಿದ್ದಳು. ಮೈದುನನ ಹೆಂಡತಿ, ಸದ್ಯಕ್ಕೆ ತಾತ್ಕಾಲಿಕ. ಈ ಸಲದ ಪತ್ರಗಳು ಸರಿಯಾಗಿ ಹೋದರೆ ಖಾಯಂ ಮಾಡಲು ಶಿಫಾರಸು ಮಾಡುತ್ತೇನೆಂದು ಗ್ರಂಥಪಾಲಕರು ಮಾತು ಕೊಟ್ಟಿದ್ದರು. ಮನೆಯಲ್ಲಿ ಅತ್ತೆಯದು ಒಂದೇ ರಾಗ: “ಚಿಕ್ಕವಳದು ಏನು ಚುರುಕು!”

“ನೋಡಿ ಅಕ್ಕ, ಇದಕ್ಕೆ ಮೇಲ್ ಮರ್ಜ್ ಅಂತಾರೆ,” ಎಂದಳು ಚಿಕ್ಕವಳು. “ಪಟ್ಟಿ ನೋಡಿ ಕಂಪ್ಯೂಟರೇ ಪತ್ರ ಬರೆಯತ್ತೆ. ಪಟ್ಟೀಲಿ ಪುಸ್ತಕಕ್ಕೊಂದು ಸಾಲು. ಈ ಸಾಲು, ಮೇಲಿನ ಸಾಲು ಎರಡೂ ಒಬ್ಬರದೇನಾ ಅಂತ ಕಂಪ್ಯೂಟರು ನೋಡತ್ತೆ. ಹೌದಾದ್ರೆ ಪುಸ್ತಕಾನ ಅದೇ ಪತ್ರಕ್ಕೆ ಸೇರಿಸತ್ತೆ, ಇಲ್ಲಾಂದ್ರೆ ಹೊಸ ಪತ್ರ. ಅದಕ್ಕೇ ಒಬ್ಬರ ಸಾಲುಗಳೆಲ್ಲ ಒಟ್ಟಿಗಿರೋ ಹಾಗೆ ಸದಸ್ಯರ ನಂಬರಿನ ಪ್ರಕಾರ ಜೋಡಿಸಿಟ್ಟಿದೀನಿ.”

“ನನಗ್ಯಾಕಮ್ಮ ಈ ಪಾಠ? ಇಷ್ಟು ವರ್ಷ ನನ್ನೆರಡು ಕಣ್ಣೇ ಸಾಕಾಗಿತ್ತು.”

ಹೊಟ್ಟೆಯೊಳಗೆ ಕೆಂಡ. ಆ ಸಂಜೆ ಚಿಕ್ಕವಳು ಹೊರಟುಹೋದ ಮೇಲೆ ಯಾರೋ ಒಂದು ಪುಸ್ತಕ ಕೇಳಿಕೊಂಡು ಬಂದರು. ಇವಳು ಪಟ್ಟಿಯನ್ನು ಪುಸ್ತಕದ ಹೆಸರಿನ ಪ್ರಕಾರ ಜೋಡಿಸಿ, ಹುಡುಕಿ, ಹೇಳಿ ಕಳಿಸಿದಳು. ಮೊದಲಿನಂತೆ ಮಾಡುವುದು ಒಂದು ಗುಂಡಿಯ ಕೆಲಸ. ಬೆರಳೆತ್ತಿದಳು, ಒತ್ತಲಿಲ್ಲ. ಹಾಗೇ ಉಳಿಸಿ ಮುಚ್ಚಿದಳು.

ಮರುದಿನ ಬೆಳಿಗ್ಗೆ ಊಟದ ಡಬ್ಬಿ ಕಟ್ಟುವಾಗಲೂ ಅದೇ ಕೈ. ತನ್ನ ಡಬ್ಬಿಗೆ ಬಿಸಿ ಅಡುಗೆ, ಚಿಕ್ಕವಳದಕ್ಕೆ ರಾತ್ರಿ ಉಳಿದದ್ದು.

ಗ್ರಂಥಾಲಯದಲ್ಲಿ ಪ್ರಿಂಟರು ಪತ್ರಗಳನ್ನು ಉಗುಳತೊಡಗಿತು. ನಿಲ್ಲುವ ಲಕ್ಷಣವೇ ಇಲ್ಲ. ಗ್ರಂಥಪಾಲಕರು ಕಂತೆ ತಿರುವಿ ಹುಬ್ಬೇರಿಸಿದರು.

“ಇದೇನಮ್ಮಾ, ಒಬ್ಬರಿಗೆ ಒಂದೇ ಪತ್ರ ಅಂದಿದ್ದೆ. ಆ ರಿಟೈರಾದ ಮೇಷ್ಟ್ರಿಗೆ ಏಳು! ಪ್ರೇಮಪತ್ರ ಬರೆಯೋರೂ ಒಂದೇ ದಿನ ಇಷ್ಟು ಬರೆಯಲ್ಲ. ನಾನೇನಂತ ಶಿಫಾರಸು ಮಾಡ್ಲಿ?”

ಚಿಕ್ಕವಳು ಪಟ್ಟಿ ತೆರೆದು ನೋಡಿದಳು. ನಂತರ ಒಮ್ಮೆ, ಒಮ್ಮೆ ಮಾತ್ರ, ಅಕ್ಕನ ಮುಖ ನೋಡಿದಳು. ಅವಳಿಗೆ ಗೊತ್ತಾಗಿಹೋಗಿತ್ತು.

“ಜೋಡಿಸೋದು ಮರೆತೆ ಸರ್. ತಪ್ಪು ನಂದೇ.”

ಬಚಾವಾದೆ ಎಂದುಕೊಳ್ಳಬೇಕಿತ್ತು. ಅದರ ಬದಲು ಇವಳಿಗೆ ಮೈಯೆಲ್ಲ ಉರಿಯಿತು. ಅತ್ತೆ ಅವಳ ಕಡೆ, ಸಾಹೇಬರು ಅವಳ ಕಡೆ. ಈಗ ಒಳ್ಳೆಯತನದಲ್ಲೂ ಅವಳೇ ಮೇಲೋ? ಇದೊಂದನ್ನು ಬಿಟ್ಟುಕೊಡುವ ಮಾತೇ ಇಲ್ಲ.

“ಅವಳು ಮರೆತಿಲ್ಲ ಸರ್,” ಎಂದಳು ಗಟ್ಟಿಯಾಗಿ. “ನಿನ್ನೆ ಪಟ್ಟಿ ಬದಲಾಯಿಸಿದ್ದು ನಾನು. ಬೇಕಂತಲೇ ಹಾಗೆ ಬಿಟ್ಟೆ.”

ಗ್ರಂಥಪಾಲಕರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. “ಮನೆ ಜಗಳ ಮನೇಲಿರಲಿ. ಪತ್ರ ಸಂಜೆ ಅಂಚೆಗೆ ಹೋದ್ರೆ ಶಿಫಾರಸೂ ಹೋಗತ್ತೆ. ಕೂತ್ಕೊಳ್ಳಿ ಇಬ್ರೂ.”

ಚಿಕ್ಕವಳು ಪಟ್ಟಿಯನ್ನು ಮತ್ತೆ ಜೋಡಿಸಿದಳು. ಈ ಸಲ ಮೇಷ್ಟ್ರಿಗೆ ಒಂದೇ ಪತ್ರ, ಅದರಲ್ಲಿ ಏಳೂ ಪುಸ್ತಕಗಳು. ಮಡಿಚುವಾಗ ಕೊನೆಯ ಸಾಲು ಇವಳ ಕಣ್ಣಿಗೆ ಬಿತ್ತು: ‘ಗಾಬರಿ ಬೇಡ, ಬಿಡುವಾದಾಗ ಬನ್ನಿ.’

“ಇದನ್ನ ಎಲ್ಲಿಂದ ಕದ್ದೆ?”

“ನಿಮ್ಮ ಹಳೇ ಲಕೋಟೆಯಿಂದ, ಅಕ್ಕ. ಅದಿಲ್ದೆ ಬರೀ ನೋಟೀಸಿನ ಥರ ಕಾಣ್ತಿತ್ತು.”

“ನನ್ನ ಕೇಳಬಾರದಿತ್ತಾ?”

“ಕೇಳಿದ್ರೆ ಕೊಡ್ತಿದ್ರಾ?”

ಇವಳು ಪತ್ರವನ್ನು ಲಕೋಟೆಗೆ ಸೇರಿಸಿ ಅಂಟು ಸವರಿದಳು. ಹೊಟ್ಟೆಯ ಕೆಂಡವೇನೂ ಆರಿರಲಿಲ್ಲ. ಮೇಲೆ ಒಂದಿಷ್ಟು ಬೂದಿ ಕೂತಿತ್ತು, ಅಷ್ಟೆ. ಊಟದ ಹೊತ್ತು ಮೀರಿತ್ತು. ಚಿಕ್ಕವಳು ತನ್ನ ಡಬ್ಬಿಗೆ ಕೈ ಚಾಚುವ ಮೊದಲೇ ಇವಳು ಅದನ್ನು ತನ್ನತ್ತ ಎಳೆದುಕೊಂಡು, ತನ್ನ ಡಬ್ಬಿಯನ್ನು ಅವಳ ಮುಂದಿಟ್ಟಳು.